ಪಾಯ ತೋಡೋ ಮೊದಲು ಹಳೇ ನಕ್ಷೆ ನೋಡಿ

ಬೆಂಗಳೂರು ಕೋಟೆ ಸುತ್ತಮುತ್ತ ಹೊಸ ಕಟ್ಟಡ ಕಟ್ಟುವ ಮೊದಲು ಪುರಾತತ್ವ ಪರಿಶೀಲನೆ ಮಾಡಿದರೆ ಕೆಲಸ ತಡವಾಗುತ್ತದೆ ಅಂತ ಒಂದು ಲೇಖನದಲ್ಲಿ ಓದಿದೆ. ನಾನು ಒಪ್ಪುವುದಿಲ್ಲ. ತಡ ಆಗುವುದು ಅಗೆಯುವಾಗ ಇದ್ದಕ್ಕಿದ್ದಂತೆ ಏನಾದರೂ ಸಿಕ್ಕಾಗ. 2012ರಲ್ಲಿ ಕೆ.ಆರ್. ಮಾರ್ಕೆಟ್ ಹತ್ತಿರ ಮೆಟ್ರೊ ಕೆಲಸದಲ್ಲಿ ಟಿಪ್ಪು ಕಾಲದವು ಎನ್ನಲಾದ ಫಿರಂಗಿಗಳು ಸಿಕ್ಕವು. ಅಲ್ಲಿ ಕೋಟೆ ಇದ್ದದ್ದು ಯಾರಿಗೂ ಗೊತ್ತಿಲ್ಲದ ವಿಷಯ ಅಲ್ಲ ಅಲ್ವಾ? 1791ರಲ್ಲಿ ಬ್ರಿಟಿಷರು ಈ ಕೋಟೆಗೆ ಮುತ್ತಿಗೆ ಹಾಕಿದ ಹೊತ್ತಿಗೆ ಮಾಡಿಸಿದ ನಕ್ಷೆಯೇ ಇದೆ.

ಮೊದಲ ಹಂತಕ್ಕೆ ಗುದ್ದಲಿಯೇ ಬೇಡ. ಆ ನಕ್ಷೆಯನ್ನು ಈಗಿನ ಸರ್ವೆ ನಕ್ಷೆ ಮೇಲೆ ಕೂರಿಸಿ ನೋಡಬೇಕು. ಆಮೇಲೆ ಈಗಿರುವ ಕಟ್ಟಡದ ಪಾಯ ಎಷ್ಟು ಆಳ ಅಂತ ಕೇಳಬೇಕು. ಎರಡು ಬೇಸ್‌ಮೆಂಟ್ ಇರುವ ಕಡೆ ಹಳೇದೆಲ್ಲ ಎಂದೋ ಲಾರಿ ಹತ್ತಿ ಹೋಗಿರುತ್ತೆ, ಅಲ್ಲಿ ಸುಮ್ನೆ ಹುಡುಕಬೇಡಿ. ಹಿತ್ತಲು, ಪಾರ್ಕಿಂಗ್ ಜಾಗ, ಮಣ್ಣು ತುಂಬಿದ ಕಂದಕ, ಇಂಥ ಕಡೆ ಉಳಿದಿರುವ ಸಾಧ್ಯತೆ ಜಾಸ್ತಿ. ಮೊದಲು ಅಲ್ಲಿ ಒಂದೆರಡು ಪರೀಕ್ಷಾ ಗುಂಡಿ ತೋಡಿ.

ಲಂಡನ್ನಿನಲ್ಲಿ ಬ್ಲೂಮ್‌ಬರ್ಗ್ ಕಚೇರಿ ಕಟ್ಟುವ ಮುಂಚೆ ಹೀಗೆ ಅಗೆದಾಗ 400ಕ್ಕೂ ಹೆಚ್ಚು ರೋಮನ್ ಕಾಲದ ಬರೆಯುವ ಹಲಗೆಗಳು ಸಿಕ್ಕವು. ಬರೆಯಲು ಮರದ ಮೇಲೆ ಬಳಿದಿದ್ದ ಮೇಣ ಹೋಗಿತ್ತು, ಬರೆಯುವ ಕಡ್ಡಿಯ ಮೊನೆಯ ಗೀರು ಮರದಲ್ಲಿ ಉಳಿದಿತ್ತು. ಅದನ್ನೇ ಓದಿದರು. ಕಚೇರಿಯೂ ಎದ್ದು ನಿಂತಿತು.

ನಮ್ಮ ಕೇಂದ್ರ ಕಾನೂನು ರಕ್ಷಿತ ಸ್ಮಾರಕದಿಂದ 100 ಮೀಟರ್ ಕಟ್ಟಡ ಕೆಲಸಕ್ಕೆ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಅನ್ನುತ್ತದೆ. ಆದರೆ ಕಂದಕ, ಗೋಡೆಯ ಬುಡ ಟೇಪು ಹಿಡಿದು ಆ ಗೆರೆಯೊಳಗೇ ಕೂರುತ್ತವಾ? ಕೋಟೆಯ ಹಳೇ ಎಲ್ಲೆಯೊಳಗಿನ ಪ್ಲಾನ್ ಮಂಜೂರಾತಿಗೆ ಈ ನಕ್ಷೆ ಪರಿಶೀಲನೆಯನ್ನೂ ಸೇರಿಸಲಿ.