ಸತ್ಯಾಂಶ: ಡ್ರಾಕುಲಾ ಭಯಕ್ಕೆ ಈ ಊರು ಖಾಲಿಯಾಗಿಲ್ಲ

ರೊಮೇನಿಯಾದ ಟ್ರಾನ್ಸಿಲ್ವೇನಿಯಾದಲ್ಲಿ ಸಿಗಿಶ್ವಾರಾ ಎಂಬ ಪುಟ್ಟ ಪಟ್ಟಣವಿದೆ. ಡ್ರಾಕುಲಾಗೆ ಹೆದರಿ ಅಲ್ಲಿನ ಜನ ಊರು ಬಿಟ್ಟರು, ಈಗ ಅಲ್ಲಿ ಯಾರೂ ಇಲ್ಲ ಎನ್ನುವ ಫಾರ್ವರ್ಡ್ ಮೆಸೇಜ್ ನಿಮಗೂ ಬಂದಿರಬಹುದು. ಅದು ಸುಳ್ಳು. 2021ರ ಜನಗಣತಿಯಲ್ಲಿ ಅಲ್ಲಿದ್ದವರು ಸುಮಾರು 24 ಸಾವಿರ ಜನ. 1999ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹಳೇ ಕೋಟೆಯೊಳಗೂ ಜನ ವಾಸವಿದ್ದಾರೆ.

ಡ್ರಾಕುಲಾ ಅನ್ನೋ ಹೆಸರು ಬಂದಿದ್ದು ವ್ಲಾಡ್ ಎಂಬ ದೊರೆಯಿಂದ. ಕ್ರೌರ್ಯಕ್ಕೆ ಹೆಸರಾದ ಅವನು 15ನೇ ಶತಮಾನದಲ್ಲಿ ಇಲ್ಲೇ ಹುಟ್ಟಿದ ಎನ್ನುತ್ತಾರೆ. ಆದರೆ ಅವನು ಆಳಿದ್ದು ಬೆಟ್ಟದಾಚೆಯ ವಲಾಕಿಯಾ ಎಂಬ ಸೀಮೆಯನ್ನು. ಡ್ರಾಕುಲಾ ರಕ್ತ ಹೀರಿದ್ದು ಕಾದಂಬರಿಯಲ್ಲಿ ಮಾತ್ರ.

ಊರು ಬಿಟ್ಟವರು ಇದ್ದಾರೆ, ನಿಜ. ಅವರು ಸ್ಯಾಕ್ಸನ್ನರು. 12ನೇ ಶತಮಾನದಲ್ಲಿ ಹಂಗೇರಿಯ ರಾಜರು ಕರೆಸಿಕೊಂಡ ಜರ್ಮನ್ ಮಾತಿನ ಜನ. ಈ ಪಟ್ಟಣ ಕಟ್ಟಿದವರೇ ಅವರು. 1945ರಲ್ಲಿ ರೊಮೇನಿಯಾದ ಜರ್ಮನ್ನರಲ್ಲಿ ಸಾವಿರಾರು ಮಂದಿಯನ್ನು ಬಲವಂತದ ದುಡಿಮೆಗೆಂದು ಸೋವಿಯತ್ ಒಕ್ಕೂಟಕ್ಕೆ ಸಾಗಿಸಲಾಯಿತು. ಆಮೇಲೆ ರೊಮೇನಿಯಾದ ಕಮ್ಯುನಿಸ್ಟ್ ಸರ್ವಾಧಿಕಾರಿ ಚೌಶೆಸ್ಕು ಕಾಲದಲ್ಲಿ, ಪಶ್ಚಿಮ ಜರ್ಮನಿ ತಲೆಗೆ ಇಷ್ಟು ಅಂತ ಹಣ ಕೊಟ್ಟು ಇವರನ್ನು ಬಿಡಿಸಿಕೊಳ್ಳುತ್ತಿತ್ತು. ದೆವ್ವದ ಕಥೆಗಿಂತ ಇದೇ ಜಾಸ್ತಿ ಭಯಾನಕ, ಅಲ್ವಾ? 1989ರ ಕ್ರಾಂತಿಯ ನಂತರ ಗಡಿ ತೆರೆಯಿತು, ಉಳಿದವರಲ್ಲೂ ಹೆಚ್ಚಿನವರು ಜರ್ಮನಿಗೆ ಹೊರಟರು.

ಈಗ ಊರಲ್ಲಿ ರೊಮೇನಿಯನ್ನರೇ ಜಾಸ್ತಿ. ಜೊತೆಗೆ ಹಂಗೇರಿಯನ್ನರು, ರೋಮಾ (ಜಿಪ್ಸಿ) ಜನ, ಸ್ವಲ್ಪ ಮಂದಿ ಸ್ಯಾಕ್ಸನ್ನರೂ ಇದ್ದಾರೆ.