ರೇಬೀಸ್‌ಗೆ ಔಷಧ ಸಿಕ್ಕಿದೆ ಎಂಬ ಮೆಸೇಜ್ ಬಗ್ಗೆ ಸ್ಪಷ್ಟನೆ

"ರೇಬೀಸ್‌ಗೆ ಔಷಧ ಸಿಕ್ಕಿದೆ, ನಾಯಿ ಕಚ್ಚಿದರೆ ಇನ್ನು ಇಂಜೆಕ್ಷನ್ ಬೇಕಿಲ್ಲ" ಎಂಬ ಮೆಸೇಜ್ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಕಳೆದ ವಾರ ನಾನೂ ಅದನ್ನು ನಮ್ಮ ಓಣಿಯ ಗುಂಪಿಗೆ ಕಳಿಸಿದ್ದೆ. ಅದು ತಪ್ಪು. ಕ್ಷಮಿಸಿ.

ಈ ಸುದ್ದಿ ಹುಟ್ಟಿದ್ದು ಒಂದು ನಿಜವಾದ ಪ್ರಯೋಗದಿಂದ. ಅಮೆರಿಕದ ಸಂಶೋಧಕರು ಎಫ್11 ಎಂಬ ಪ್ರತಿಕಾಯವನ್ನು (ವೈರಸ್ ವಿರುದ್ಧ ಹೋರಾಡುವ ಪ್ರೋಟೀನ್) ಇಲಿಗಳ ಮೇಲೆ ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ವೈರಸ್ ಮಿದುಳು ತಲುಪಿದ ಮೇಲೆ ಒಂದೇ ಡೋಸ್ ಕೊಟ್ಟರೂ ಇಲಿಗಳು ಬದುಕಿದವು. ಇದು ದೊಡ್ಡ ವಿಷಯವೇ. ಲಕ್ಷಣ ಕಾಣಿಸಿದ ಮೇಲೆ ಈ ರೋಗದಿಂದ ಉಳಿದ ಮನುಷ್ಯರು ಬೆರಳೆಣಿಕೆಯಷ್ಟು. ಆದರೆ ಅದು ಲ್ಯಾಬಿನ ಇಲಿಗಳ ಮಾತು. ಅಲ್ಲಿ ಯಾವ ವೈರಸ್, ಎಷ್ಟು, ಯಾವಾಗ ಒಳಗೆ ಹೋಯಿತು ಎಲ್ಲವೂ ಗೊತ್ತಿರುತ್ತದೆ. ಓಣಿಯಲ್ಲಿ ನಾಯಿ ಕಚ್ಚಿದ ಮಗುವಿನ ವಿಷಯದಲ್ಲಿ ಅದ್ಯಾವುದೂ ಗೊತ್ತಿರಲ್ಲ, ಅಲ್ವಾ? ಆ ಇಲಿಗಳ ಪ್ರಯೋಗ ನೋಡಿ ಲಸಿಕೆ ಬಿಟ್ಟರೆ ಜೀವವೇ ಹೋಗುತ್ತದೆ.

ಕಚ್ಚಿದ ಕೂಡಲೇ ಗಾಯಕ್ಕೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ ಹಚ್ಚಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7 ಮತ್ತು 28ನೇ ದಿನ ಹಾಕಿಸಬೇಕು (0 ಎಂದರೆ ಮೊದಲ ಡೋಸ್ ಹಾಕಿಸಿದ ದಿನ). ನಾಯಿ ಕಚ್ಚಿ ರಕ್ತ ಬಂದಿದ್ದರೆ ಗಾಯದ ಒಳಗೆ, ಸುತ್ತ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್) ಕೂಡ ಬೇಕು. ಹೊಕ್ಕಳ ಸುತ್ತ 14 ಸೂಜಿ ಚುಚ್ಚುವ ಕಾಲ ಎಂದೋ ಹೋಯಿತು, ಸುಮ್ನೆ ಹೆದರಬೇಡಿ. ಮಧ್ಯದಲ್ಲಿ ಒಂದು ಡೋಸ್ ಕೂಡ ಬಿಡಬೇಡಿ.

ಆ ಮೆಸೇಜ್ ನಿಮ್ಮ ಫೋನಿನಲ್ಲಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ನನ್ನಿಂದ ಬಂದಿದ್ದರೆ ಈಗಲೇ ಅಳಿಸಿಬಿಡಿ.