ಕಾರೆ ಗಿಡಕ್ಕೆ ಕಾಲಂ ಇಲ್ಲ

ಸಂಡೂರಿನ ಗುಡ್ಡಗಳಲ್ಲಿ ಗಣಿ ಮುಗಿದ ಜಾಗವನ್ನು ಮತ್ತೆ ಕಾಡು ಮಾಡುವುದು ಬಹಳ ಸುಲಭದ ಕೆಲಸ. ಮೊದಲು ಗುಂಡಿ ತೋಡಬೇಕು. ತೋಡುವುದರಲ್ಲಿ ನಮ್ಮವರ ಅನುಭವದ ಬಗ್ಗೆ ಯಾರೂ ಅನುಮಾನ ಪಡುವಂತಿಲ್ಲ. ಗುಂಡಿಗೊಂದು ಸಸಿ, ಸಸಿಗೊಂದು ನಂಬರು, ನಂಬರಿಗೆ ರಿಜಿಸ್ಟರು, ರಿಜಿಸ್ಟರಿಗೆ ಸಹಿ. ಕಾಡು ರೆಡಿ.

ಒಂದೇ ಒಂದು ಸಣ್ಣ ತೊಡಕು. ಗಣಿ ಬರುವ ಮೊದಲು ಆ ಗುಡ್ಡಗಳ ಎಷ್ಟೋ ಇಳಿಜಾರುಗಳಲ್ಲಿ ಇದ್ದದ್ದು ಸಾಲು ಮರಗಳಲ್ಲ, ಕುರುಚಲು ಕಾಡು. ಕಾರೆ, ಕವಳೆ, ಬಾರೆ, ಬಂದರಿಕೆ, ತಂಗಡಿ, ನಡುನಡುವೆ ಒಂದು ಕಮರದ ಮರ, ಒಂದು ದಿಂಡಿಗದ ಮರ, ಕಲ್ಲಿನ ಸಂದಿಯಲ್ಲಿ ಹುಲ್ಲು, ಹುಲ್ಲಿನ ಮಧ್ಯೆ ಹುತ್ತ. ಒಳಗೆ ಹೋದರೆ ಮುಳ್ಳು ಪಂಚೆ ಹಿಡಿದು ಎಳೆಯುತ್ತದೆ. ನೆರಳಿಲ್ಲ, ಫೋಟೋ ಚೆನ್ನಾಗಿ ಬರಲ್ಲ. ಆದರೆ ಕರಡಿಗೆ ಬೇಕಾದ್ದು ಇಂಥದ್ದೇ: ತಿನ್ನಲು ಹಣ್ಣು, ಬಗೆಯಲು ಗೆದ್ದಲು, ಹಗಲು ಮಲಗಲು ಬಂಡೆ. ಹಳದಿ ಗಂಟಲಿನ ಪಿಕಳಾರ ಎಂಬ ಹಕ್ಕಿಯಂತೂ ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡದ ಪೊದೆಗಳನ್ನು ಬಿಟ್ಟು ಬೇರೆ ಕಡೆ ಹೋಗಲು ಒಪ್ಪುವುದಿಲ್ಲ. ಹಟಮಾರಿ ಹಕ್ಕಿ.

ಇಷ್ಟೆಲ್ಲ ಇರುವ ಜಾಗಕ್ಕೆ ಸರ್ಕಾರಿ ಕಾಗದದಲ್ಲಿ ಏನನ್ನುತ್ತಾರೆ ಗೊತ್ತಾ? ಪಾಳು ಭೂಮಿ. ದೇಶದ ಪಾಳು ಭೂಮಿಗಳಿಗೇ ಅಂತ ಒಂದು ಅಟ್ಲಾಸ್ ಇದೆ, ಅದರಲ್ಲಿ ದಟ್ಟ ಕುರುಚಲಿಗೆ ಒಂದು ವರ್ಗ, ತೆಳು ಕುರುಚಲಿಗೆ ಇನ್ನೊಂದು. ಅಂದರೆ ಪೊದೆ ಎಷ್ಟು ಸೊಂಪಾಗಿ ಬೆಳೆದರೂ ಪಾಳಿನಲ್ಲೇ ಪ್ರಮೋಷನ್. ಇನ್ನು ಅರಣ್ಯ ಸಮೀಕ್ಷೆಯವರ ಲೆಕ್ಕ. ಒಂದು ಹೆಕ್ಟೇರ್ ಜಾಗದಲ್ಲಿ ಶೇ 10ರಷ್ಟು ಮರದ ಹೊದಿಕೆ ಇದ್ದರೆ ಅದು ಅರಣ್ಯ ಹೊದಿಕೆ. ಮರ ಯಾವುದು, ಜಾಗ ಯಾರದ್ದು ಅಂತ ಕೇಳುವುದಿಲ್ಲ. ಹಾಗಾಗಿ ನಿಮ್ಮ ಮಾವಿನ ತೋಟವೂ ಅಲ್ಲಿ ಅರಣ್ಯವೇ, ಕರಡಿ ಮಲಗಿರುವ ಗುಡ್ಡ ಮಾತ್ರ ಬರೀ ಕುರುಚಲು. ಕರಡಿ ಬಂದು ನಿಮ್ಮ ತೋಟದಲ್ಲಿ ಮಲಗಿದರೆ ಎರಡೂ ಕಡೆಯ ಲೆಕ್ಕ ಸರಿಹೋಗುತ್ತದೆ.

ಕಥೆ ನಿಮಗೆ ಗೊತ್ತಿರುವುದೇ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. 2013ರಲ್ಲಿ ಷರತ್ತು ಹಾಕಿ ಬಿಟ್ಟಿತು, ಪ್ರತಿ ಗಣಿಗೂ ಒಂದು ಪುನಶ್ಚೇತನ ಯೋಜನೆ ಇರಲೇಬೇಕು ಅಂತ. ಅದನ್ನು ಬರೆದುಕೊಟ್ಟವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಪರಿಷತ್ತಿನವರು. 2014ರಲ್ಲಿ ಇದಕ್ಕೆಂದೇ ಒಂದು ನಿಗಮ ಹುಟ್ಟಿತು. ಅದಿರು ಮಾರಿದ ಹಣದಲ್ಲಿ ಪಾಲು ಬಂದು ಬಂದು ಸಾವಿರಾರು ಕೋಟಿ ರೂಪಾಯಿ ಜಮೆಯಾಯಿತು. ಕೊನೆಗೆ ನಿಗಮದ ಒಟ್ಟು ಯೋಜನೆ ಸುಮಾರು 25 ಸಾವಿರ ಕೋಟಿಗೆ ಹೋಗಿ ನಿಂತಿತು. ರಸ್ತೆ, ರೈಲು, ಆಸ್ಪತ್ರೆ, ಕುಡಿಯುವ ನೀರು, ಎಲ್ಲ ಇದೆ. ತಪ್ಪೇನಿಲ್ಲ, ಕೆಂಧೂಳು ಕುಡಿದ ಊರುಗಳಿಗೆ ಅದೆಲ್ಲ ಬೇಕೇ ಬೇಕು. ಈ ಹಣ ಖರ್ಚು ಮಾಡುವುದನ್ನು ನೋಡಿಕೊಳ್ಳಲು 2022ರಲ್ಲಿ ಒಬ್ಬ ನಿವೃತ್ತ ನ್ಯಾಯಮೂರ್ತಿಗಳನ್ನೇ ಕೂರಿಸಬೇಕಾಯಿತು. ತೆಗೆಯುವಾಗ ರಾತ್ರಿ ಹಗಲು ಲಾರಿ ಓಡಿಸಿದ ಜಿಲ್ಲೆಗೆ ಹಾಕುವಾಗ ಮಾತ್ರ ಎಷ್ಟೊಂದು ತಾಳ್ಮೆ!

ಇನ್ನು ಗಣಿಯ ಮಣ್ಣು ಸುರಿದ ಡಂಪಿಗೆ ಬನ್ನಿ. ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಕೆಂಪು ಇಳಿಜಾರು, ಅದರ ಮೇಲೆ ತೆಂಗಿನ ನಾರಿನ ಹಾಸು, ಕೆಳಗೆ ಕಲ್ಲಿನ ತಡೆಗೋಡೆ. ಇಲ್ಲಿಯವರೆಗೆ ಹೊಗಳಲೇಬೇಕು. ಮಳೆಗೆ ಆ ಮಣ್ಣು ಹೊಲಕ್ಕೆ ಇಳಿದರೆ ರೈತ ಮುಗಿದ ಹಾಗೆ. ಆಮೇಲೆ ಶುರುವಾಗುತ್ತದೆ ನೋಡಿ ಶಿಸ್ತು. ಅಕೇಶಿಯಾ, ಗ್ಲಿರಿಸಿಡಿಯಾ, ಸುಬಾಬುಲ್, ಹೊಂಗೆ. ಅಳತೆ ಹಿಡಿದ ಅಂತರ. ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲು. ಪಕ್ಕದಲ್ಲಿ ‘ಹಸಿರೇ ಉಸಿರು’ ಅಂತ ಬೋರ್ಡು, ಮೇಲೆ ಕೆಂಧೂಳು ಕೂತು ‘ಉಸಿರು’ ಅಷ್ಟೇ ಕಾಣಿಸುತ್ತದೆ. ಅಕೇಶಿಯಾ ಬೇಗ ಎತ್ತರಕ್ಕೆ ಹೋಗುತ್ತದೆ, ಆಡು ಸಹ ಮೂಸುವುದಿಲ್ಲ, ಹಾಗಾಗಿ ಬದುಕುಳಿದ ಸಸಿಗಳ ಲೆಕ್ಕ ಚೆನ್ನಾಗಿ ಬರುತ್ತದೆ. ಆಡೇ ಮೂಸದ ಮರದ ಕೆಳಗೆ ನಾಲ್ಕು ಕೊಂಬಿನ ಕಾಡುಜಿಂಕೆ ಕೊಂಡುಕುರಿ ಬಂದು ಏನು ಮಾಡಬೇಕು ಅನ್ನುವ ಪ್ರಶ್ನೆ ತಪಾಸಣೆಯ ಫಾರಂನಲ್ಲಿ ಇಲ್ಲ.

ತಮಾಷೆ ಅಂದರೆ, ಯಾರೂ ತಿರುಗಿ ನೋಡದ ಹಳೆ ಡಂಪುಗಳ ಮೇಲೆ ಬಂದರಿಕೆ ಮತ್ತು ತಂಗಡಿ ಸುಮ್ನೆ ತಾವೇ ಬಂದು ಕೂರುತ್ತವೆ. ಟೆಂಡರ್ ಇಲ್ಲ, ಗುಂಡಿ ಇಲ್ಲ, ಬಿಲ್ಲು ಇಲ್ಲ. ಅದಕ್ಕೇ ಇರಬೇಕು ಅವುಗಳಿಗೆ ಅಷ್ಟು ಮರ್ಯಾದೆ ಇಲ್ಲದಿರುವುದು. ಗುಡ್ಡ ಬಗೆಯುವಾಗ ಮೇಲಿನ ಒಂದಡಿ ಮಣ್ಣನ್ನು ಬೇರೆ ತೆಗೆದಿಟ್ಟು, ಮತ್ತೆ ಅಲ್ಲೇ ಹರಡಿದರೆ, ಅದರೊಳಗಿನ ಬೀಜ, ಬೇರು, ಗೆದ್ದಲು ಅರ್ಧ ಕೆಲಸ ಮಾಡುತ್ತವೆ. ಹಕ್ಕಿ ಹಣ್ಣು ತಿಂದು ಉದುರಿಸಿದ ಬೀಜ ಉಳಿದದ್ದನ್ನು ನೋಡಿಕೊಳ್ಳುತ್ತದೆ. ಆದರೆ ಹಕ್ಕಿಯ ಹಿಕ್ಕೆಗೆ ಓಚರ್ ಯಾರು ಬರೆಯುತ್ತಾರೆ?

2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹುಲ್ಲಿನ ಬಗ್ಗೆಯೂ ಒಂದು ಆದೇಶ ಕೊಟ್ಟಿತು. ಗಣಿ ಮುಗಿದ ಜಾಗದಲ್ಲಿ ಹುಲ್ಲು ಬೆಳೆಸಿ, ಮೇವಿಗೆ, ಗಿಡಗಳಿಗೆ, ಪ್ರಾಣಿಗಳಿಗೆ ಯೋಗ್ಯ ಮಾಡಿ ಎಂದಿತು. ಹುಲ್ಲು! ಹುಲ್ಲಿನ ಪಕ್ಕ ನಿಂತು ಯಾವ ಸಚಿವರು ಫೋಟೋ ತೆಗೆಸಿಕೊಳ್ಳುತ್ತಾರೆ ಹೇಳಿ. ನಿಂತರೆ ಹುಲ್ಲು ಕಾಣಲ್ಲ, ಕೂತರೆ ಸಚಿವರು ಕಾಣಲ್ಲ.

2024ರಲ್ಲಿ ಸಂಡೂರಿನ ದೇವದಾರಿ ಗಣಿಯ ಫೈಲಿಗೆ ಕೇಂದ್ರ ಸಚಿವರ ಸಹಿ ಬಿದ್ದಾಗ ರಾಜ್ಯದಲ್ಲೆಲ್ಲ ಒಂದೇ ಚರ್ಚೆ, 99 ಸಾವಿರಕ್ಕೂ ಜಾಸ್ತಿ ಮರ ಹೋಗುತ್ತವೆ ಅಂತ. ಪೇಪರಿನಲ್ಲಿ ಅದೇ, ಟೀವಿಯಲ್ಲಿ ಅದೇ. ನ್ಯಾಯವಾದ ಸಿಟ್ಟು, ನನಗೂ ಬಂದಿತ್ತು. ಆದರೆ ಅಲ್ಲಿರುವ ಕಾರೆ ಗಿಡ ಎಷ್ಟು, ಹುತ್ತ ಎಷ್ಟು, ಯಾರಾದರೂ ಎಣಿಸಿದ್ದಾರಾ? ಎಣಿಸಿದರೂ ಬರೆಯಲು ಕಾಲಂ ಎಲ್ಲಿದೆ? ಇನ್ನು ಇಂಥ ಮರಗಳಿಗೆ ಬದಲಾಗಿ ಸಸಿ ನೆಡಲು ಜಾಗ ಹುಡುಕುತ್ತಾರಲ್ವಾ, ಆಗ ಅಟ್ಲಾಸ್ ಬಿಚ್ಚಿದರೆ ಮೊದಲು ಕಣ್ಣಿಗೆ ಬೀಳುವುದು ಯಾವುದು? ಅದೇ ಪಾಳು, ಅದೇ ಕುರುಚಲು. ಇಲ್ಲಿ ಗಣಿಗಾಗಿ ಒಂದು ಗುಡ್ಡದ ಪೊದೆ ಕೀಳುವುದು, ಅದನ್ನು ಸರಿಮಾಡಲು ಇನ್ನೊಂದು ಗುಡ್ಡದ ಪೊದೆ ಕಿತ್ತು ಗುಂಡಿ ತೋಡುವುದು. ಎರಡು ಕಡೆಯೂ ಪರಿಸರ ರಕ್ಷಣೆ.

ಗಣಿಗಳಿಗೆ ಕೇಂದ್ರದವರು ಸ್ಟಾರ್ ಬೇರೆ ಕೊಡುತ್ತಾರೆ, ಹೋಟೆಲಿಗೆ ಕೊಟ್ಟಂತೆ. ನನ್ನದೊಂದು ಸಲಹೆ ಇದೆ. ಹೊಸಪೇಟೆ ಹತ್ತಿರದ ದರೋಜಿ ಕರಡಿಧಾಮದಲ್ಲಿ ಮಧ್ಯಾಹ್ನ ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿ ಇಡುತ್ತಾರೆ. ಸಂಜೆ ಕರಡಿಗಳು ಇಳಿದು ಬಂದು ನೆಕ್ಕುತ್ತವೆ, ವಾಚ್ ಟವರಿನಲ್ಲಿ ಕೂತ ಪ್ರವಾಸಿಗರು ಕ್ಯಾಮೆರಾ ಒತ್ತುತ್ತಾರೆ. ಡಂಪಿನ ಮೇಲೂ ಹಾಗೇ ಮಾಡಿದರಾಯಿತು. ತಪಾಸಣೆಯವರು ಬರುವ ದಿನ ಅಕೇಶಿಯಾ ಬುಡಕ್ಕೆ ನಾಲ್ಕು ಅಚ್ಚು ಬೆಲ್ಲ ಕರಗಿಸಿ ಬಳಿಯಿರಿ. ಕರಡಿ ಬಂದರೆ ವನ್ಯಜೀವಿ ನೆಲೆ ಪುನಶ್ಚೇತನ ಅಂತ ಬರೆದುಕೊಳ್ಳಿ. ಇರುವೆ ಬಂದರೂ ಬಿಡಬೇಡಿ, ಜೀವವೈವಿಧ್ಯ ಅಂತ ಇನ್ನೊಂದು ಕಾಲಂ ಖಾಲಿ ಇದೆ. ಬೆಲ್ಲದ ಬಿಲ್ಲು ಮಾತ್ರ ಜೋಪಾನ, ಆಡಿಟ್‌ನವರು ಕೇಳುತ್ತಾರೆ.